ಆಯೋಗದ ಜೀಪಿನಿಂದ ಇಳಿದವರು

ಚಳ್ಳಕೆರೆಯ ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಮೊನ್ನೆ ಮಾನವ ಹಕ್ಕುಗಳ ಆಯೋಗದಲ್ಲಿ ಕೆಲಸ ಸಿಕ್ಕಿತು. ಪೇಡೆ ಡಬ್ಬಿ ಹಿಡಿದು ಮನೆಗೆ ಬಂದವಳು, ಸೇರುವ ಮೊದಲು ಏನೇನು ಓದಿಕೊಳ್ಳಬೇಕು ಎಂದು ಕೇಳಿದಳು. ಓದುವುದನ್ನೆಲ್ಲ ಓದಿ ಪಾಸಾಗಿದ್ದೀಯ, ಇನ್ನು ಕೂರುವುದನ್ನು ಕಲಿ ಎಂದೆ. ಎಲ್ಲಿ ಕೂರಬೇಕು, ಯಾರ ಪಕ್ಕ ಕೂರಬೇಕು, ಯಾವಾಗ ಎದ್ದು ಬೇರೆಯವರಿಗೆ ಜಾಗ ಬಿಡಬೇಕು, ಇಷ್ಟು ತಿಳಿದರೆ ಅಲ್ಲಿ ಬದುಕಬಹುದು. ಆಂಟಿಗೆ ವಯಸ್ಸಾಯಿತು ಎಂಬಂತೆ ನೋಡಿ ನಕ್ಕು ಹೋದಳು. ಪೇಡೆ ಚೆನ್ನಾಗಿತ್ತು, ಅದರ ಋಣಕ್ಕಾದರೂ ನಾಲ್ಕು ಮಾತು ಬರೆಯೋಣ ಎಂದು ಕೂತಿದ್ದೇನೆ.

ನಾನು ಪೊಲೀಸ್ ಇಲಾಖೆಯವಳು. ಠಾಣೆಗಳಲ್ಲಿ ಬಹಳ ವರ್ಷ ಸವೆಸಿದ ಮೇಲೆ ನಿಯೋಜನೆಯ ಮೇಲೆ ಆಯೋಗದ ತನಿಖಾ ವಿಭಾಗಕ್ಕೆ ಹೋದೆ, ನಿವೃತ್ತಿಯವರೆಗೂ ಅಲ್ಲೇ ಉಳಿದೆ. ಸರ್ಕಾರದ ಕೈಯಿಂದ ಯಾರಿಗಾದರೂ ಅನ್ಯಾಯವಾದರೆ ವಿಚಾರಿಸಿ, ಹೀಗೆ ಮಾಡಿ ಎಂದು ಸರ್ಕಾರಕ್ಕೆ ಶಿಫಾರಸು ಮಾಡುವುದು ಆಯೋಗದ ಕೆಲಸ. ಠಾಣೆಯಲ್ಲಿ ಹೊಡೆದದ್ದು, ಆಸ್ಪತ್ರೆಯಲ್ಲಿ ನೋಡದೇ ಬಿಟ್ಟದ್ದು, ಹಾಸ್ಟೆಲಿನಲ್ಲಿ ಹುಳದ ಅನ್ನ ಹಾಕಿದ್ದು, ಎಲ್ಲವೂ ಬರುತ್ತದೆ. ನಾಯಕನಹಟ್ಟಿಯ ನಮ್ಮ ಚಿಕ್ಕಪ್ಪ ಮಾತ್ರ ಕೊನೆಯವರೆಗೂ ನಾನು ಯಾವುದೋ ದೊಡ್ಡ ತಾಲ್ಲೂಕು ಕಚೇರಿಯಲ್ಲಿದ್ದೇನೆ ಎಂದೇ ತಿಳಿದಿದ್ದ. ಹೋದಾಗಲೆಲ್ಲ ಪಹಣಿ ತಿದ್ದಿಸಿಕೊಡು ಎಂದು ಗಂಟುಬೀಳುತ್ತಿದ್ದ.

ನಾನು ಹೋಗುವವರೆಗೆ ತನಿಖಾ ವಿಭಾಗದಲ್ಲಿ ಹೆಂಗಸರೇ ಇರಲಿಲ್ಲ. ಹಾಗಾಗಿ ಎಲ್ಲರಿಗೂ ಬಹಳ ಸಂತೋಷವಾಯಿತು. ಸಂತೋಷದ ಗುರುತಾಗಿ ವಿಭಾಗದ ಮುಖ್ಯಸ್ಥರು ಮೊದಲ ದಿನವೇ ನನ್ನ ಮೇಜಿನ ಮೇಲೆ ಒಂದು ಹೊರೆ ಕಡತ ಇಡಿಸಿದರು. ಅವರೂ ಇಲಾಖೆಯಿಂದಲೇ ಬಂದವರು, ಎಸ್ಪಿ ದರ್ಜೆಯವರು. ಎಸ್ಪಿ ಸಾಹೇಬರು ಎಂದೇ ಕರೆಯುತ್ತಿದ್ದೆವು. ಬಿಚ್ಚಿ ನೋಡಿದರೆ ಗಂಡ ಹೆಂಡಿರ ಜಗಳ, ಅತ್ತೆ ಸೊಸೆಯರ ಜಗಳ, ಓರಗಿತ್ತಿಯರ ನಲ್ಲಿ ನೀರಿನ ಜಗಳ. ಅರ್ಧಕ್ಕರ್ಧ ಆಯೋಗಕ್ಕೆ ಸಂಬಂಧವೇ ಇಲ್ಲದವು. ಜೈಲು, ಲಾಕಪ್ಪು, ಆಸ್ಪತ್ರೆಯ ಕಡತಗಳು ಗಂಡಸರ ಮೇಜಿನಲ್ಲೇ ಇದ್ದವು. ಜೈಲಿಗೆ ಹೋಗಿ ಬಂದ ಅನುಭವ ಆ ಕಚೇರಿಯಲ್ಲಿ ನನ್ನಷ್ಟು ಇನ್ನೊಬ್ಬರಿಗೆ ಇರಲಿಲ್ಲ.

ಆಮೇಲೆ ಹೂಗುಚ್ಛದ ಪ್ರಸಂಗ. ಯಾರೋ ಸಚಿವರು ಬಂದರೆ, ಹೂವು ಕೊಡೋಕೆ ಗಿರಿಜಮ್ಮನವರನ್ನ ಕರೀರಿ ಎನ್ನುವುದು ರೂಢಿಯಾಗತೊಡಗಿತು. ಎರಡನೇ ಸಲ ಕರೆದಾಗ, ಸಾರ್, ನಾನು ಕೈದಿಗಳನ್ನು ಕೋರ್ಟಿಗೆ ಕರೆದೊಯ್ದವಳು, ಎದುರಿಗೆ ಯಾರಾದರೂ ಕೈಚಾಚಿದರೆ ಬೇಡಿ ಹಾಕಿಬಿಡುವ ಅಭ್ಯಾಸ ಎಂದೆ. ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಮೂರನೆಯ ಸಲ ಲೆಕ್ಕಪತ್ರ ವಿಭಾಗದ ಮೀಸೆಯ ಗುಮಾಸ್ತರು ಹೂವು ಕೊಟ್ಟರು, ಸಚಿವರು ಬೇಸರಪಟ್ಟಂತೆ ಕಾಣಲಿಲ್ಲ. ಹುಡುಗಿಯರೇ, ಇಲ್ಲ ಎನ್ನುವುದನ್ನು ನಗುತ್ತ ಹೇಳಲು ಕಲಿತರೆ ಅರ್ಧ ಸರ್ವಿಸ್ ಸಲೀಸಾಗಿ ಕಳೆಯುತ್ತದೆ. ಉಳಿದ ಅರ್ಧಕ್ಕೆ ಮುಖ ಬಿಗಿದೇ ಹೇಳಬೇಕು.

ಆಯೋಗ ಆಗಾಗ ತಾಲ್ಲೂಕು ಕೇಂದ್ರಗಳಿಗೆ ಬಂದು ಪ್ರವಾಸಿ ಮಂದಿರದಲ್ಲಿ ಕೂತು ದೂರುಗಳ ವಿಚಾರಣೆ ನಡೆಸುತ್ತಿತ್ತು. ಮೊಳಕಾಲ್ಮುರಿನಲ್ಲಿ ನಡೆದ ಅಂಥ ಒಂದು ದಿನ ನನಗೆ ಚೆನ್ನಾಗಿ ನೆನಪಿದೆ. ಬೆಳಗ್ಗೆ ಬಂದಾಗ ಬೇವಿನ ಮರದ ಕೆಳಗೆ ಹೆಂಗಸರ ಗುಂಪೇ ಕೂತಿತ್ತು. ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರ ಹೆಸರು ಕೂಗಿದರೆ ಆಸಾಮಿ ಇಲ್ಲ. ಗುಮಾಸ್ತ ‘ದೂರುದಾರರಿಗೆ ಆಸಕ್ತಿ ಇಲ್ಲ’ ಎಂದು ಬರೆಯುತ್ತ ಹೋದ, ದೂರುಗಳು ಮುಕ್ತಾಯವಾಗುತ್ತ ಹೋದವು. ನಮ್ಮ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಮಾತು ಕಡಿಮೆ, ಸಿಟ್ಟು ಜಾಸ್ತಿ. ಇವರಿಗೆ ನ್ಯಾಯ ಬೇಡವಾದರೆ ನಾವು ಇಷ್ಟು ದೂರ ಯಾಕೆ ಬರಬೇಕು ಎಂದು ಗೊಣಗಿದರು.

ನಾನು ಎದ್ದು ಬಸ್ ನಿಲ್ದಾಣಕ್ಕೆ ಹೋದೆ. ಬೆಳಗ್ಗೆ ನೋಡಿದ್ದ ಸಿದ್ದಾಪುರದ ಕಡೆಯ ಮುದುಕಿಯೊಬ್ಬಳು ಅಲ್ಲಿ ಬಸ್ಸಿಗೆ ನಿಂತಿದ್ದಳು. ಯಾಕಜ್ಜಿ, ನಿನ್ನ ಹೆಸರು ಕೂಗುವಷ್ಟರಲ್ಲಿ ಎದ್ದು ಬಂದೆಯಲ್ಲ ಎಂದೆ. ಅವಳು ನನ್ನ ಮುಖ ನೋಡದೆ ಹೇಳಿದಳು.

‘ಬೆಳಗ್ಗೆ ಬಂದೋಳು ಎಷ್ಟೊತ್ತಂತ ಬಿಗಿ ಹಿಡ್ಕಂಡು ಕೂರ್ಲವ್ವ? ಬಯಲ ಕಡೆ ಹೋಗಾನ ಅಂದ್ರೆ ಸುತ್ತ ಜೀಪು, ಪೊಲೀಸ್ರು.’

ಪ್ರವಾಸಿ ಮಂದಿರದಲ್ಲಿ ಕಕ್ಕಸು ಇತ್ತು, ಬೀಗವೂ ಇತ್ತು. ಕೀಲಿಕೈ ಮಂದಿರ ನೋಡಿಕೊಳ್ಳುವ ಮೇಟಿಯ ಸೊಂಟದಲ್ಲಿತ್ತು. ಸಾಹೇಬರಿಗೆ ಅಂತ ತೊಳೆದು ಇಟ್ಟಿದ್ದೀನಿ ಎಂದು ಅವನು ಹೆಮ್ಮೆಯಿಂದಲೇ ಹೇಳಿದ. ಗಂಡಸರು ಗೋಡೆಯ ಆಚೆ ಹೋಗಿ ಬರುತ್ತಿದ್ದರು, ಹಾಗಾಗಿ ನಮ್ಮ ತಂಡದ ಯಾರಿಗೂ ಈ ವಿಷಯ ಹೊಳೆದೇ ಇರಲಿಲ್ಲ. ನಾನು ನೇರ ಊಟದ ಮೇಜಿಗೆ ಹೋಗಿ ಅಧ್ಯಕ್ಷರಿಗೆ ವಿಷಯ ತಿಳಿಸಿದೆ. ಎಲ್ಲರ ಕೈ ತುತ್ತಿನಲ್ಲೇ ನಿಂತಿತು. ಊಟದ ಹೊತ್ತಿನಲ್ಲಿ ಈ ಮಾತು ಬೇಕೇ ಎಂದು ಎಸ್ಪಿ ಸಾಹೇಬರು ಹುಬ್ಬು ಗಂಟಿಕ್ಕಿದರು. ಆ ಹೆಂಗಸರು ನೀರನ್ನೂ ಕುಡಿಯದೆ ಕೂತಿದ್ದರು ಸಾರ್ ಎಂದೆ. ಅಧ್ಯಕ್ಷರು ಕೈತೊಳೆದು ಎದ್ದವರು ಮುಕ್ತಾಯ ಮಾಡಿದ ದೂರುಗಳನ್ನೆಲ್ಲ ಮತ್ತೆ ತೆರೆಸಿದರು. ಮುಂದೆ ಎಲ್ಲಿ ವಿಚಾರಣೆ ನಡೆದರೂ ನಾನು ವೇದಿಕೆ ನೋಡುವ ಮೊದಲು ಕಕ್ಕಸು ನೋಡುತ್ತಿದ್ದೆ. ನನ್ನ ಬೆನ್ನ ಹಿಂದೆ ‘ಕಕ್ಕಸು ಇನ್‌ಸ್ಪೆಕ್ಟರ್’ ಎನ್ನುತ್ತಿದ್ದರು. ಇಲಾಖೆ ಕೊಟ್ಟ ಯಾವ ಪದವಿಗಿಂತಲೂ ಅದು ನನಗೆ ಹಿತವಾಗಿತ್ತು.

ಕೆಲವು ಕಾಲದ ನಂತರ ಆಯೋಗಕ್ಕೆ ಒಬ್ಬ ಮಹಿಳಾ ಸದಸ್ಯೆ ನೇಮಕವಾದರು. ಕಾನೂನು ಪಾಠ ಮಾಡಿದ್ದವರು, ಓದಿಕೊಂಡವರು, ಮನಸ್ಸು ಒಳ್ಳೆಯದು. ವೇದಿಕೆಯ ಮೇಲೆ ಅಧ್ಯಕ್ಷರಿಗೆ, ಇನ್ನೊಬ್ಬ ಸದಸ್ಯರಿಗೆ ಸಿಂಹಾಸನದಂಥ ಕುರ್ಚಿಗಳಿದ್ದವು. ಇವರಿಗೆ ಕ್ಯಾಂಟೀನಿನ ಕೈಯಿಲ್ಲದ ಕುರ್ಚಿ ತಂದು ಹಾಕಿದರು. ಮೇಡಂ ಅದರಲ್ಲಿ ಕೂರದೆ, ನಿಂತೇ ವಿಚಾರಣೆ ನಡೆಸಿದರು. ಮಧ್ಯಾಹ್ನದೊಳಗೆ ಮೂರನೇ ಸಿಂಹಾಸನ ಬಂತು. ಹೆಂಗಸರ ಕಡತಗಳನ್ನೆಲ್ಲ ತಮ್ಮ ಕಡೆಗೇ ತಳ್ಳುವುದನ್ನು ಕಂಡು, ಜೈಲಿನ ಗಂಡಸರ ಕಡತವೂ ಬರಲಿ ಎಂದರು. ನನಗೆ ಅವರ ಮೇಲೆ ಗೌರವ ಹುಟ್ಟಿತು.

ಆದರೆ ನಮ್ಮ ಕಡೆಯ ಹೆಂಗಸರು ಅವರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಆ ಚಿನ್ನದ ಕಟ್ಟಿನ ಕನ್ನಡಕ, ಪುಸ್ತಕದ ಕನ್ನಡ ಕಂಡೊಡನೆ ಸೆರಗು ಬಾಯಿಗೆ ಹಿಡಿದು, ಏನಿಲ್ರಿ, ಎಲ್ಲ ಚೆಂದಾಗೈತ್ರಿ ಎಂದುಬಿಡುತ್ತಿದ್ದರು. ಒಂದು ಸಂಜೆ ಮೇಡಂ ಬೇಸರದಿಂದ, ನಾನೂ ಹೆಂಗಸೇ ಅಲ್ಲವೇ ಗಿರಿಜಮ್ಮ ಎಂದು ಕೇಳಿದರು. ಆಯೋಗಕ್ಕೆ ನೀವು ಹೆಂಗಸು ಮೇಡಂ, ಅವರಿಗೆ ದೊರೆಸಾನಿ ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ, ಬೇಕೆಂದೇ ಹೇಳಿದ್ದು. ಅವರು, ಸರಿ, ಹಾಗಾದರೆ ಏನು ಮಾಡೋಣ ಎಂದರು. ಅದಕ್ಕೆ ಉತ್ತರ ಮುಂದೆ ಈರಮ್ಮನ ಕೇಸಿನಲ್ಲಿ ಸಿಕ್ಕಿತು, ಅದನ್ನು ವಿವರವಾಗಿಯೇ ಹೇಳಬೇಕು.

ಈರಮ್ಮ ಮೊಳಕಾಲ್ಮುರಿನ ಒಂದು ನೇಕಾರರ ಬೀದಿಯವಳು, ಮನೆಮಾತು ತೆಲುಗು, ಗಂಡ ತೀರಿಹೋಗಿದ್ದ. ಅಚ್ಚು ಕೆಚ್ಚುವುದು ಅವಳ ಕೆಲಸ. ಮಗ್ಗದ ಮೇಲಿನ ಹಾಸು, ಎಂದರೆ ಉದ್ದದ ಎಳೆಗಳು, ಮುಗಿದಾಗ ಹೊಸ ಹಾಸಿನ ರೇಷ್ಮೆ ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಒಂದೊಂದಾಗಿ, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸುವುದು. ಈ ಕೆಲಸವನ್ನು ತನ್ನ ಮನೆಯಲ್ಲಿ ಕೂತು ಮಾಡಲಾಗುವುದಿಲ್ಲ. ಮಗ್ಗ ಯಾರದೋ ಅವರ ಮನೆಯೊಳಗೆ, ಅವರ ರೇಷ್ಮೆಯ ನಡುವೆ ದಿನವಿಡೀ ಕೂರಬೇಕು. ನಂಬಿಕೆ ಇದ್ದರೆ ಮಾತ್ರ ಕರೆಯುತ್ತಾರೆ.

ಆ ಬೀದಿಯ ಮಗ್ಗಗಳಿಗೆ ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾವ್ಕಾರರ ಮನೆಯಲ್ಲಿ ಒಂದು ದಿನ ರೇಷ್ಮೆ ಹುರಿಯ ಕಟ್ಟೊಂದು ಕಾಣೆಯಾಯಿತು. ಅಂದು ಅಲ್ಲಿ ಕೆಲಸಕ್ಕಿದ್ದವಳು ಈರಮ್ಮ. ಸಾವ್ಕಾರರು ಠಾಣೆಗೆ ಹೇಳಿಕಳಿಸಿದರು, ಪೊಲೀಸರು ದೀಪ ಹಚ್ಚುವ ಹೊತ್ತಿಗೆ ಬಂದು ಅವಳನ್ನು ಕರೆದೊಯ್ದರು. ಹೊತ್ತು ಮುಳುಗಿದ ಮೇಲೆ ಹೆಂಗಸನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ, ಅಲ್ಲಿ ಮಹಿಳಾ ಪೇದೆಯೂ ಇರಲಿಲ್ಲ. ಬೆಳಗಾಗುವವರೆಗೆ ಇರಿಸಿಕೊಂಡು, ಕದ್ದೆ ಎಂದು ಒಪ್ಪಿಸಲು ಬಲಗೈ ಬೆರಳುಗಳ ಮೇಲೆ ಲಾಠಿಯಿಂದ ಹೊಡೆದರು ಎಂದು ರಾಯದುರ್ಗದಲ್ಲಿದ್ದ ಅವಳ ತಮ್ಮ ಆಯೋಗಕ್ಕೆ ದೂರು ಬರೆದ. ಠಾಣೆಯವರ ಉತ್ತರ ಸರಳವಾಗಿತ್ತು: ಹಗಲಲ್ಲಿ ಕರೆದು ವಿಚಾರಿಸಿ ಕಳಿಸಿದ್ದೇವೆ, ರಾತ್ರಿ ಆಕೆ ಠಾಣೆಯಲ್ಲಿ ಇರಲೇ ಇಲ್ಲ.

ಅಲ್ಲಿಂದ ನಮ್ಮವರ ಸರದಿ. ಮೊದಲಿಗೆ, ವಿಚಾರಣೆಗೆ ಬನ್ನಿ ಎಂಬ ನೋಟಿಸನ್ನು ಈರಮ್ಮನಿಗೆ ತಲುಪಿಸಲು ಅದೇ ಠಾಣೆಗೆ ಕಳಿಸಿದರು. ಅವಳನ್ನು ಕರೆದೊಯ್ದಿದ್ದ ಪೇದೆಯೇ ಬಾಗಿಲು ತಟ್ಟಿ ನೋಟಿಸು ಚಾಚಿದ. ಅವಳು ಹಿತ್ತಲ ಬಾಗಿಲಿನಿಂದ ಹೋಗಿ ರಾಯದುರ್ಗದ ಬಸ್ಸು ಹತ್ತಿದಳು. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದರೆ ಬೇಲಿಯ ಕೈಯಲ್ಲೇ ಸಮನ್ಸು ಕೊಟ್ಟು ಕಳಿಸಿದ ಹಾಗೆ. ಆಮೇಲೆ ನಮ್ಮ ವಿಭಾಗದ ಇಬ್ಬರು ಅಧಿಕಾರಿಗಳು ಬೀದಿಗೆ ಹೋಗಿ, ಗಲಾಟೆಯಲ್ಲಿ ಹೇಳಿಕೆ ಬರೆಯಲಾಗುವುದಿಲ್ಲವೆಂದು ಮಗ್ಗಗಳನ್ನು ನಿಲ್ಲಿಸಿ, ಮನೆ ಯಜಮಾನರನ್ನು ಒಬ್ಬೊಬ್ಬರಾಗಿ ಕೇಳಿದರು. ಎಲ್ಲರದೂ ಒಂದೇ ಉತ್ತರ, ನಮಗೆ ಗೊತ್ತಿಲ್ಲ. ಆರೋಪಕ್ಕೆ ಪುರಾವೆ ಇಲ್ಲ ಎಂಬ ವರದಿ ತಯಾರಾಯಿತು.

ವರದಿಗೆ ಸಹಿ ಬೀಳುವ ಮೊದಲು ಸದಸ್ಯೆ ಮೇಡಂ, ಇದರಲ್ಲಿ ಒಬ್ಬ ಹೆಂಗಸಿನ ಹೇಳಿಕೆಯೂ ಇಲ್ಲವಲ್ಲ ಎಂದು ಕೇಳಿದರು. ಕಡತ ನನ್ನ ಮೇಜಿಗೆ ಬಂತು. ನಾನು ಮೀಸೆಯಿಲ್ಲದಿದ್ದರೂ ಮೀಸೆ ತಿರುವುತ್ತ ಹೊರಟೆ ಎಂದೇ ಹೇಳಬೇಕು. ಹೆಂಗಸು, ಪಕ್ಕದ ತಾಲ್ಲೂಕಿನವಳು, ಅಷ್ಟಿಷ್ಟು ತೆಲುಗು ಬರುತ್ತದೆ, ಇನ್ನೇನು ಬೇಕು ಎಂದುಕೊಂಡಿದ್ದೆ.

ಅಷ್ಟರಲ್ಲಿ ರಾಯದುರ್ಗದಿಂದ ವಾಪಸು ಬಂದಿದ್ದ ಈರಮ್ಮ ತನ್ನ ಮನೆಯ ಹೊಸ್ತಿಲಲ್ಲಿ ಕೂತು ಎಡಗೈಯಲ್ಲಿ ಕಾಳು ಹಸನು ಮಾಡುತ್ತಿದ್ದಳು. ಬಲಗೈ ಸೆರಗಿನೊಳಗಿತ್ತು. ನಾನು ಪಕ್ಕದಲ್ಲೇ ನೆಲಕ್ಕೆ ಕೂತು, ಅಕ್ಕ ಎಂದು ಮಾತು ತೆಗೆದೆ. ಅವಳು ನನ್ನ ಬೂಟು ನೋಡಿದಳು, ಕತ್ತರಿಸಿದ ಕೂದಲು ನೋಡಿದಳು, ನಾನು ಬೆನ್ನು ನೆಟ್ಟಗೆ ಮಾಡಿ ಕೂತ ರೀತಿಯನ್ನೂ ನೋಡಿದಳು. ‘ಮೀರೂ ಪೋಲೀಸೇ ಕದಮ್ಮಾ’ ಎಂದಳು, ನೀವೂ ಪೊಲೀಸಿನವರೇ ಅಲ್ಲವೇ ಎಂದು. ಹೌದು ಎಂದೆ. ಆಮೇಲೆ ಕನ್ನಡದಲ್ಲೇ ಹೇಳಿದಳು.

‘ನೀವು ಒಳ್ಳೇರೇ ಇರ್ಬೋದು. ಅವತ್ತು ನನ್ನ ಕರ್ಕಂಡು ಹೋದೋರೂ ಮೊದ್ಲು ಹಿಂಗೇ ಪಕ್ಕ ಕೂತು ಅಕ್ಕ ಅಂದಿದ್ರು.’

ಅವಳು ಕೊಟ್ಟ ನೀರು ಕುಡಿದು ಎದ್ದು ಬಂದೆ. ಜೀಪಿನಲ್ಲಿ ಚಳ್ಳಕೆರೆ ದಾಟುವವರೆಗೂ ಯೋಚಿಸುತ್ತಲೇ ಇದ್ದೆ. ನಮ್ಮ ವಿಭಾಗಕ್ಕೆ ಬರುವ ದೂರುಗಳಲ್ಲಿ ಹೆಚ್ಚಿನವು ಪೊಲೀಸರ ಮೇಲೆ, ವಿಚಾರಿಸುವ ನಾವೆಲ್ಲ ಪೊಲೀಸರೇ. ಆ ಗುಂಪಿಗೆ ನನ್ನೊಬ್ಬಳನ್ನು ಸೇರಿಸಿ, ಹೆಂಗಸರಿಗೆ ಸ್ಥಾನ ಕೊಟ್ಟಾಯಿತು ಎಂದು ಕಚೇರಿಯೂ ನೆಮ್ಮದಿಯಾಗಿತ್ತು, ನಾನೂ ನೆಮ್ಮದಿಯಾಗಿದ್ದೆ. ಈರಮ್ಮನ ಹೊಸ್ತಿಲಿನಿಂದ ನೋಡಿದರೆ ಆ ಜೀಪಿನಿಂದ ಇಳಿದವರೆಲ್ಲ ಒಂದೇ ಜಾತಿಯವರು.

ನಮ್ಮ ಕಚೇರಿಯ ಸಂಶೋಧನಾ ವಿಭಾಗದಲ್ಲಿ ನಸೀಮಾ ಎಂಬ ಹುಡುಗಿ ಇದ್ದಳು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಕಾರ್ಮಿಕರ ಮಗಳು, ತಾಯಿಯ ತವರು ರಾಯದುರ್ಗ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ರಜೆಯಲ್ಲಿ ಅಜ್ಜಿಯ ಊರಿನಲ್ಲಿ ತೆಲುಗು, ಮೂರೂ ಸಲೀಸು. ಸಮಾಜಕಾರ್ಯ ಓದಿಕೊಂಡು ಬಂದ ಅವಳಿಗೆ ಆಯೋಗ ಕೊಟ್ಟಿದ್ದ ಕೆಲಸ ಶಾಲಾ ಮಕ್ಕಳ ಪ್ರಬಂಧ ಸ್ಪರ್ಧೆ ನಡೆಸುವುದು, ಕರಪತ್ರದ ಕರಡು ತಿದ್ದುವುದು. ವಾರ್ಷಿಕ ವರದಿಯ ಫೋಟೊಗೆ ಮಾತ್ರ ತಪ್ಪದೆ ಕರೆದು ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಜೀಪು ಹತ್ತಿದವಳೇ ಅಲ್ಲ.

ಇವಳನ್ನು ಕಳಿಸಿ, ನಾನು ಹೊರಗಿರುತ್ತೇನೆ ಎಂದು ಎಸ್ಪಿ ಸಾಹೇಬರನ್ನು ಕೇಳಿದೆ. ಪೊಲೀಸ್ ಅಲ್ಲದವರು ತನಿಖೆ ಮಾಡೋದು ಹ್ಯಾಗ್ರೀ, ನಾಳೆ ಆ ಕಡೆಯ ವಕೀಲರು ಎದ್ದು ನಿಂತರೆ ಎಂದರು. ಮಹಿಳಾ ಅಧಿಕಾರಿ ಅಂತ ನೀವೇ ಇದ್ದೀರಲ್ಲ, ಮತ್ತೊಬ್ಬ ಹೆಂಗಸು ಯಾಕೆ ಎಂದೂ ಕೇಳಿದರು. ಕಚೇರಿಗೊಂದು ನೀರಿನ ಫಿಲ್ಟರಿನಂತೆ ವಿಭಾಗಕ್ಕೊಬ್ಬ ಹೆಂಗಸು ಸಾಕೆಂಬ ಲೆಕ್ಕ ಅವರದು. ಕೆಟ್ಟವರಲ್ಲ, ಅಭ್ಯಾಸ ಹಾಗಿತ್ತು. ನಾನು ಬಿಡಲಿಲ್ಲ. ಮೇಡಂ ಜೊತೆಗೆ ಅಧ್ಯಕ್ಷರ ಕೊಠಡಿಗೆ ಹೋದೆ.

ಅಧ್ಯಕ್ಷರು ಎಲ್ಲ ಕೇಳಿ ನನ್ನ ಕಡೆ ತಿರುಗಿದರು. ‘ಆಕೆ ನಿಮ್ಮ ಹತ್ತಿರ ಮಾತಾಡೋದಿಲ್ಲ ಅಂತ ನೀವೇ ಬರೆದುಕೊಡ್ತೀರಾ?’

ಇಲಾಖೆಯಲ್ಲಿ ಬೆಳೆದವಳಿಗೆ ಅದು ಸಣ್ಣ ಮಾತಲ್ಲ. ಸಾಕ್ಷಿ ನನ್ನ ಬಳಿ ಬಾಯಿ ಬಿಡಲಿಲ್ಲ ಎಂದು ಬರೆದುಕೊಟ್ಟ ಅಧಿಕಾರಿಯನ್ನು ನಾನಂತೂ ನೋಡಿರಲಿಲ್ಲ. ಆದರೆ ಅದು ನಿಜವಾಗಿತ್ತು, ಬರೆದುಕೊಟ್ಟೆ. ಹೇಳಿಕೆ ದಾಖಲಿಸಲು ನಸೀಮಾಳನ್ನು ನೇಮಿಸಿ ಅಧ್ಯಕ್ಷರು ಆದೇಶ ಮಾಡಿದರು. ಮೇಲುಸ್ತುವಾರಿ ಮೇಡಂ ಅವರದು.

ಜೀಪನ್ನು ಬೀದಿಯಿಂದ ದೂರ, ಬಸ್ ನಿಲ್ದಾಣದ ಹತ್ತಿರವೇ ನಿಲ್ಲಿಸಿದೆವು. ನಾನೂ ಡ್ರೈವರೂ ಟೀ ಅಂಗಡಿಯಲ್ಲಿ ಕೂತೆವು, ನಸೀಮಾ ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಹೋದಳು. ಒಳಗೆ ನಡೆದದ್ದು ಅವಳು ಹೇಳಿ ನನಗೆ ಗೊತ್ತಾದದ್ದು. ಮೊದಲು ಹೋದದ್ದು ಈರಮ್ಮನ ಪಕ್ಕದ ಮನೆಗೆ. ಅಲ್ಲಿ ಗಂಡ ಗುಂಡಿಮಗ್ಗದಲ್ಲಿ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ, ಹೆಂಡತಿ ಸಾವಿತ್ರಮ್ಮ ಮಗ್ಗದ ಮಗ್ಗುಲಲ್ಲಿ ಕೂತು ಸೀರೆಯ ಅಂಚಿನ ಲಾಳಿ ದೂಡುತ್ತಿದ್ದಳು. ಆಯೋಗದಿಂದ ಬಂದಿದ್ದೇನೆ ಎನ್ನುತ್ತಲೇ ಗಂಡ ನೇಯ್ಗೆ ನಿಲ್ಲಿಸಿ ಗುಂಡಿಯಿಂದ ಏಳಹೋದ. ಸಾವಿತ್ರಮ್ಮ ತಡೆದಳು. ‘ಮೀರು ನೇಯಂಡಿ’ ಎಂದಳು, ನೀವು ನೇಯುತ್ತಿರಿ ಎಂದು.

ಆ ಬೀದಿಯಲ್ಲಿ ಮನೆಯಿಂದ ಮನೆಗೆ ಒಂದೇ ಗೋಡೆ. ಮಗ್ಗಗಳು ನಡೆಯುತ್ತಿದ್ದರೆ ಒಳಗಿನ ಮಾತು ಒಳಗೇ ಉಳಿಯುತ್ತದೆ. ಒಂದು ಮಗ್ಗ ನಿಂತರೆ ಆ ಮನೆಯಲ್ಲಿ ಏನೋ ಆಗುತ್ತಿದೆ ಎಂದು ಅಕ್ಕಪಕ್ಕದವರ ಕಿವಿ ಇತ್ತ ತಿರುಗುತ್ತದೆ, ಮಾತೆಲ್ಲ ಸಾವ್ಕಾರರ ಜಗಲಿಯವರೆಗೂ ಹೋಗುತ್ತದೆ. ನಮ್ಮ ಅಧಿಕಾರಿಗಳು ಬೀದಿಯ ಮಗ್ಗಗಳನ್ನೆಲ್ಲ ನಿಲ್ಲಿಸಿ, ಹೇಳಿ, ಏನು ನೋಡಿದಿರಿ ಎಂದು ಕೇಳಿದ್ದರು. ಯಾರು ಹೇಳುತ್ತಾರೆ? ಅವರ ಬದಲು ನಾನು ಹೋಗಿದ್ದರೂ ಅದನ್ನೇ ಮಾಡುತ್ತಿದ್ದೆ, ಗಲಾಟೆಯಲ್ಲಿ ಹೇಳಿಕೆ ಬರೆಯಬಾರದೆಂದು ನಮಗೆ ತರಬೇತಿಯಲ್ಲೇ ಕಲಿಸಿದ್ದರು.

ಮಗ್ಗ ಟಕಟಕ ಎನ್ನುತ್ತಿದ್ದಂತೆ ಸಾವಿತ್ರಮ್ಮ ಲಾಳಿ ದೂಡುತ್ತಲೇ ಹೇಳಿದಳು. ಆ ಸಂಜೆ ಬಟ್ಟಲಲ್ಲಿ ಅನ್ನ ಹಾಕಿಕೊಂಡು ಠಾಣೆಗೆ ಹೋಗಿದ್ದಳಂತೆ. ಒಳಗೆ ಈರಮ್ಮ ಅಳುವುದು ಕೇಳಿಸಿದರೂ ಬಾಗಿಲಲ್ಲೇ ಬೈದು ವಾಪಸು ಕಳಿಸಿದರಂತೆ. ಮಾರನೇ ಬೆಳಗ್ಗೆ ಈರಮ್ಮ ಕೈಗೆ ಸೆರಗು ಸುತ್ತಿಕೊಂಡು ಗೋಡೆ ಹಿಡಿದು ನಡೆದು ಬಂದದ್ದನ್ನು ನೋಡಿದ್ದಳು. ಇನ್ನೊಂದು ವಿಷಯ ನಮಗಾರಿಗೂ ಗೊತ್ತಿರಲಿಲ್ಲ. ಕಾಣೆಯಾದ ಹುರಿ ಕಟ್ಟು ತಪ್ಪಿ ಬಣ್ಣಕ್ಕೆ ಹೋಗುವ ಮೂಟೆಯಲ್ಲಿ ಸೇರಿತ್ತು, ಮರುದಿನವೇ ಬಣ್ಣವಾಗಿ ವಾಪಸು ಬಂದಿತ್ತು. ಸಾವ್ಕಾರರು ಸುಮ್ಮನೆ ಒಳಗಿಟ್ಟುಕೊಂಡರು. ಬೀದಿಗೆಲ್ಲ ಗೊತ್ತಿತ್ತು, ಆದರೆ ಬೀದಿಗೆಲ್ಲ ರೇಷ್ಮೆ ಬರುತ್ತಿದ್ದುದು ಅವರ ಮನೆಯಿಂದಲೇ. ಅಷ್ಟು ಹೊತ್ತೂ ತಲೆ ತಗ್ಗಿಸಿ ನೇಯುತ್ತಿದ್ದ ಗಂಡ ಕೊನೆಗೆ, ಇವಳು ಹೇಳಿದ್ದು ನಿಜ, ನಾನೂ ರುಜು ಹಾಕುತ್ತೇನೆ ಎಂದನಂತೆ.

ಸಾವಿತ್ರಮ್ಮನ ಮನೆಯಿಂದ ಇನ್ನೊಂದು ಮನೆ, ಅಲ್ಲಿಂದ ಮತ್ತೊಂದು. ಮಗ್ಗಗಳು ನಡೆಯುತ್ತಲೇ ಇದ್ದವು, ಹೆಂಗಸರು ಹೇಳುತ್ತಲೇ ಇದ್ದರು. ಸಂಜೆಯ ಹೊತ್ತಿಗೆ ಈರಮ್ಮ ತಾನೇ ನಸೀಮಾಳನ್ನು ಒಳಗೆ ಕರೆದು, ಸೆರಗಿನಿಂದ ಕೈ ಹೊರಗೆ ತೆಗೆದಳು. ನಸೀಮಾ ಟೀ ಅಂಗಡಿಗೆ ವಾಪಸು ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ನಾನು ಅವಳಿಗೂ ಟೀ ಹೇಳಿದೆ.

ಮುಂದಿನ ವಿಚಾರಣೆಯ ದಿನ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಧೈರ್ಯವಾಗಿಯೇ ಬಂದಿದ್ದ. ಹೆಂಗಸರು ಒಬ್ಬರ ಹಿಂದೊಬ್ಬರು ಎದ್ದು ನಿಂತಾಗ ಅವನ ಬಣ್ಣ ಇಳಿಯಿತು. ಸಾವ್ಕಾರರು ಏನೋ ತಪ್ಪು ತಿಳುವಳಿಕೆಯಾಯಿತು ಎಂದರು. ಎಸ್ಪಿ ಸಾಹೇಬರು ಹೆದರಿದ್ದಂತೆ ಆ ಕಡೆಯ ವಕೀಲರು ಎದ್ದು ನಿಂತು, ಹೇಳಿಕೆ ಪಡೆದವರು ಪೊಲೀಸರಲ್ಲ ಎಂದರು. ಅದಕ್ಕೇ ಹೇಳಿಕೆ ಸಿಕ್ಕಿತು, ಕೂತುಕೊಳ್ಳಿ ಎಂದರು ಅಧ್ಯಕ್ಷರು. ಸಬ್ ಇನ್‌ಸ್ಪೆಕ್ಟರ್ ಮೇಲೆ ಕ್ರಮಕ್ಕೂ ಈರಮ್ಮನಿಗೆ ಪರಿಹಾರಕ್ಕೂ ಶಿಫಾರಸು ಮಾಡಿ, ಇನ್ನೇನಾದರೂ ಹೇಳುವುದಿದೆಯೇನಮ್ಮ ಎಂದು ಕೇಳಿದರು. ವಾಡಿಕೆಯ ಪ್ರಶ್ನೆ ಅದು, ಸಾಮಾನ್ಯವಾಗಿ ಎಲ್ಲರೂ ಕೈಮುಗಿದು ಹೋಗುತ್ತಾರೆ. ಈರಮ್ಮ ಹೋಗಲಿಲ್ಲ.

‘ದುಡ್ಡು ಸರ್ಕಾರದ್ದು, ಬಂದಾಗ ಬರ್ಲಿ ಸ್ವಾಮಿ. ನಮ್ಮ ಕೆಲ್ಸ ಮಂದಿ ಮನೆ ಒಳಗೆ ಕೂತು ಮಾಡೋದು. ಕಳ್ಳಿ ಅನ್ನಿಸ್ಕಂಡೋಳ್ನ ಯಾರು ಒಳಗೆ ಬಿಡ್ತಾರೆ? ನಾನು ಕದ್ದಿಲ್ಲ ಅಂತ ನಮ್ಮ ಬೀದೀಲಿ ನಿಂತು ಹೇಳಿ.’

ಹಾಗೆ ಹೇಳಲು ನಿಯಮದಲ್ಲಿ ಅವಕಾಶವಿಲ್ಲ ಎಂದು ಎಸ್ಪಿ ಸಾಹೇಬರು ಅಧ್ಯಕ್ಷರ ಕಿವಿಯಲ್ಲಿ ಹೇಳಿದರು. ಹೇಳಕೂಡದು ಅಂತಲೂ ಇಲ್ಲವಲ್ಲ ಎಂದು ಮೇಡಂ ಎಲ್ಲರಿಗೂ ಕೇಳುವಂತೆ ಹೇಳಿದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡು, ಯಾವ ದಿನ ಬರಬೇಕಮ್ಮ ಎಂದು ಈರಮ್ಮನನ್ನೇ ಕೇಳಿದರು. ಅಮಾಸೆ ದಿನ ಬನ್ನಿ ಎಂದಳು. ಅಮಾವಾಸ್ಯೆಗೆ ನೇಕಾರರು ಮಗ್ಗಕ್ಕೆ ಇಳಿಯುವುದಿಲ್ಲ, ಎಲ್ಲರೂ ಮನೆಯಲ್ಲಿರುತ್ತಾರೆ.

ಈ ಕೇಸಿನ ನಂತರ ಕಚೇರಿಯಲ್ಲಿ ಕ್ರಮ ಬದಲಾಯಿತು. ಪೊಲೀಸರ ಮೇಲಿನ ದೂರಿಗೆ ಹೋಗುವ ತಂಡದಲ್ಲಿ ಪೊಲೀಸ್ ಅಲ್ಲದವರೊಬ್ಬರು, ಆ ಜಾಗದ ಮಾತು ಬಲ್ಲವರೊಬ್ಬರು ಇರಲೇಬೇಕೆಂದಾಯಿತು. ನೋಟಿಸುಗಳು ಠಾಣೆಯ ಬದಲು ಅಂಚೆಯಲ್ಲಿ ಹೋಗತೊಡಗಿದವು. ನಸೀಮಾ ಖಾಯಮ್ಮಾಗಿ ತನಿಖೆಗೆ ಬಂದಳು. ಉಳ್ಳಾರ್ತಿ ಕಾವಲಿನ ಕಡೆಯ ಕುರಿ ಕಾಯುವವರ ಮನೆಯ ಹುಡುಗ ಕಾನೂನು ಓದಿ ಬಂದ, ಕಣ್ಣು ಕಾಣದ ಅಧಿಕಾರಿಯೊಬ್ಬರು ಬಂದರು. ಅವರು ಬಂದ ಮೇಲೆಯೇ ನಮ್ಮ ಮೆಟ್ಟಿಲುಗಳಿಗೆ ಹಿಡಿಕೆ ಇಲ್ಲವೆಂಬುದು ಉಳಿದವರಿಗೆ ಕಂಡಿತು. ಮೊದಮೊದಲು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿತ್ತು, ದಿನಕ್ಕೊಂದು ವಾದ. ಆದರೆ ಕೆಲಸ ಮೊದಲಿಗಿಂತ ಚೆನ್ನಾಗಿಯೇ ಆಗುತ್ತಿತ್ತು, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಅದೆಲ್ಲ ಆಮೇಲಿನ ಮಾತು. ಈರಮ್ಮ ಹೇಳಿದ ಅಮಾವಾಸ್ಯೆಯ ದಿನ ನಾವು ಬೀದಿಗೆ ಹೋದೆವು. ಅಧ್ಯಕ್ಷರ ಪರವಾಗಿ ಮೇಡಂ, ಜೊತೆಗೆ ನಸೀಮಾ, ನಾನು. ಕರೆಯದಿದ್ದರೂ ಎಸ್ಪಿ ಸಾಹೇಬರೂ ಬಂದರು, ಅದೂ ಮಫ್ತಿಯಲ್ಲಿ. ಜನ ಜಗಲಿಗಳ ಮೇಲೆ ನಿಂತಿದ್ದರು. ಈರಮ್ಮ ತನ್ನ ಬಾಗಿಲಲ್ಲಿ, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ನಿಂತಿದ್ದಳು. ಸಾವ್ಕಾರರ ಮನೆಯ ಬಾಗಿಲು ಮುಚ್ಚಿತ್ತು. ನಸೀಮಾ ಬೀದಿಯ ನಡುವೆ ನಿಂತು ಆದೇಶವನ್ನು ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ ಓದಿದಳು. ಈರಮ್ಮ ಏನನ್ನೂ ಕದ್ದಿಲ್ಲ, ಕಳೆದಿದ್ದ ರೇಷ್ಮೆ ಮರುದಿನವೇ ಸಿಕ್ಕಿದೆ, ಅವಳನ್ನು ಹಿಡಿದದ್ದೂ ಹೊಡೆದದ್ದೂ ತಪ್ಪು ಎಂದು.

ಓದಿ ಮುಗಿಯಿತು. ಯಾರೂ ಜಗಲಿ ಬಿಟ್ಟು ಇಳಿಯಲಿಲ್ಲ. ನನಗೆ ನಿಜವಾಗಿ ಭಯವಾಯಿತು. ಸರ್ಕಾರದ ಮುದ್ರೆ ಬಿದ್ದ ಮಾತನ್ನು ಹೇಳಿಯಾಗಿತ್ತು. ಬೀದಿ ಅದನ್ನು ಒಪ್ಪದಿದ್ದರೆ ನಮ್ಮ ಅಷ್ಟೂ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಆಗ ಸಾವ್ಕಾರರ ಮನೆಯ ಬಾಗಿಲು ತೆರೆದು, ಅವರ ವಯಸ್ಸಾದ ತಾಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಒಳಗಿನಿಂದ ಮಗ ಏನೋ ಕರೆದದ್ದು ಕೇಳಿಸಿತು, ಅವರು ತಿರುಗಿ ನೋಡಲಿಲ್ಲ.

‘ಈರೀ, ನಮ್ಮ ಮಗ್ಗದ ಹಾಸು ಮುಗಿದೈತೆ. ನಾಳೆ ಬಾ.’

‘ಬೆರಳು ಮೊದ್ಲಿನಂಗೆ ಓಡಲ್ಲ ಪೆದ್ದಮ್ಮ’ ಎಂದಳು ಈರಮ್ಮ, ದೊಡ್ಡಮ್ಮ ಎಂಬುದಕ್ಕೆ ಅವರ ತೆಲುಗು ಮಾತು ಅದು.

‘ನಿಧಾನಕ್ಕೆ ಮಾಡೇ. ಮಗ್ಗ ಕಾಯ್ತೈತೆ.’

ಖಾಲಿ ನಿಂತ ಮಗ್ಗ ನೇಕಾರರ ಮನೆಯಲ್ಲಿ ಎಷ್ಟು ದೊಡ್ಡ ನಷ್ಟವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೆ ಅಳು ಬಂತು, ಎಸ್ಪಿ ಸಾಹೇಬರ ಪಕ್ಕದಲ್ಲೇ ನಿಂತು ಅತ್ತೆ. ಈರಮ್ಮ ಸೆರಗಿನಿಂದ ಕೈಯನ್ನು ಹೊರಗೆ ತೆಗೆದು, ಸಾವಿತ್ರಮ್ಮ ನಿಂತಿದ್ದ ಜಗಲಿಯ ಕಡೆ ತೋರಿಸಿದಳು.

‘ಸಾವಿತ್ರಮ್ಮನ ಮನೇದೂ ಮುಗಿದೈತೆ, ಅದು ಮೊದ್ಲು ಪೆದ್ದಮ್ಮ. ನಿಮ್ದು ಆಮೇಲೆ.’

ಮುದುಕಿ ಆಗಲಿ ಎಂದು ತಲೆಯಾಡಿಸಿ, ಬಾಗಿಲು ಮುಚ್ಚದೆ ಒಳಗೆ ಹೋದರು.